ನಿಂತು ಕೇಳಿದವರು

2003ರಲ್ಲಿ ಲಂಡನ್ನಿನ ಎಲ್ಮ್ ಪಾರ್ಕ್ ಸುರಂಗ ರೈಲು ನಿಲ್ದಾಣದಲ್ಲಿ ಧ್ವನಿವರ್ಧಕ ಹಚ್ಚಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಕತೊಡಗಿದರು. ಕೆಲಸವಿಲ್ಲದೆ ಗುಂಪುಗೂಡಿ ನಿಲ್ಲುವ ಹುಡುಗರು ಬೇಸತ್ತು ಜಾಗ ಖಾಲಿ ಮಾಡಲಿ ಎಂಬುದೇ ಉದ್ದೇಶ. ಆಮೇಲೆ ಆ ಊರಿನ ಹತ್ತಾರು ನಿಲ್ದಾಣಗಳಿಗೆ ಅದು ಹಬ್ಬಿತು. ಜರ್ಮನಿಯ ಹ್ಯಾಂಬರ್ಗ್‌ನ ಮುಖ್ಯ ನಿಲ್ದಾಣದ ಬಾಗಿಲಲ್ಲೂ ಇದೇ ಉಪಾಯ ನಡೆದಿದೆ. ಈ ಸಂಗತಿ ಓದಿದಾಗಲೆಲ್ಲ ನನ್ನ ಮನಸ್ಸು ಗದಗಿನ ಒಬ್ಬ ಹುಡುಗನ ಕಡೆಗೆ ಹೋಗುತ್ತದೆ.

1933. ಹುಡುಗನಿಗೆ ಹನ್ನೊಂದು ವರ್ಷ. ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ತಟ್ಟೆ ಕಿವಿಗೆ ಬಿದ್ದಿತ್ತು. ಹಾಗೆ ಹಾಡಲೇಬೇಕೆಂದು ಮನೆ ಬಿಟ್ಟ. ಕೈಯಲ್ಲಿ ಟಿಕೆಟ್ಟಿಲ್ಲ. ಗಾಡಿಯಿಂದ ಗಾಡಿಗೆ ಹತ್ತಿ, ಪ್ರಯಾಣಿಕರಿಗೆ ಹಾಡು ಹೇಳಿ, ಅವರು ಕೊಟ್ಟದ್ದನ್ನು ತಿಂದು, ಟಿಕೆಟ್ ತಪಾಸಣೆಯವರನ್ನೂ ಹಾಡಿನಿಂದಲೇ ಒಲಿಸಿಕೊಂಡು ಗ್ವಾಲಿಯರ್ ಸೇರಿದ. ಯಾವ ನಿಲ್ದಾಣದ ನಿಯಮದ ಪ್ರಕಾರ ನೋಡಿದರೂ ಅವನು ಹೊರಗೆ ಕಳಿಸಬೇಕಾದವನೇ. ಅವನೇ ಭೀಮಸೇನ ಜೋಶಿ.

ಆ ತಟ್ಟೆಯಲ್ಲಿದ್ದದ್ದು ಝಿಂಝೋಟಿ ರಾಗದ ಠುಮ್ರಿ. ಮೂರು ಚಿಲ್ಲರೆ ನಿಮಿಷದಲ್ಲಿ ಮುಗಿದುಹೋಗುವ ಹಾಡು, ಇವತ್ತಿಗೂ ಕೇಳಸಿಗುತ್ತದೆ. ಖಾನ್‌ಸಾಹೇಬರದು ಸಪೂರ ದನಿ. ಬಲ ಹಾಕಿ ಎತ್ತಿದ್ದಲ್ಲ, ತಂಬೂರಿಯ ಶ್ರುತಿಯೊಳಗೆ ಕರಗಿಸಿಟ್ಟದ್ದು. ಮಂದ್ರದ ಧೈವತದಿಂದ ಹೊರಟು, ಷಡ್ಜ ರಿಷಭಗಳನ್ನು ದಾಟಿ, ಮಧ್ಯಮವನ್ನು ಮುಟ್ಟಿ, ಗಾಂಧಾರಕ್ಕೆ ಇಳಿದು ನಿಲ್ಲುವ ನಡಿಗೆ ಝಿಂಝೋಟಿಯ ಗುರುತು. ಆ ಗಾಂಧಾರದ ಮೇಲೆ ಅವರು ನಿಂತಾಗ ಕೇಳುವವರ ಉಸಿರೂ ಅಲ್ಲಿಯೇ ನಿಲ್ಲುತ್ತದೆ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ. ಪ್ರತಿ ಸಲವೂ ವಿರಹದ ಬೇರೊಂದು ಮಡಿಕೆ ಬಿಚ್ಚಿಕೊಳ್ಳುತ್ತದೆ. ತಟ್ಟೆಯ ಸರಪರ ಸದ್ದಿನ ನಡುವೆಯೂ ಸ್ವರ ಒಂದು ಕೂದಲೆಳೆಯಷ್ಟೂ ಆಚೀಚೆ ಸರಿಯುವುದಿಲ್ಲ. ಹನ್ನೊಂದರ ಹುಡುಗನೊಬ್ಬ ಇದನ್ನು ಕೇಳಿ ಮನೆ ಬಿಟ್ಟನೆಂದರೆ ಆಶ್ಚರ್ಯವೇನು!

ಧಾರವಾಡದ ಬಾಲಕಿ ಗಂಗೂಬಾಯಿಯೂ ಗ್ರಾಮಫೋನ್ ಸದ್ದು ಕೇಳಿದೊಡನೆ ಬೀದಿಗೆ ಓಡಿಬರುತ್ತಿದ್ದರು, ಕೇಳಿದ್ದನ್ನು ತಾವೂ ಹಾಡಿ ನೋಡುತ್ತಿದ್ದರು. ಮುಂದೆ ಗಂಗೂಬಾಯಿ ಹಾನಗಲ್ಲರು ಕಲಿತದ್ದು ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರಲ್ಲಿ. ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಅಲ್ಲಿ ಗುರುಗಳ ಮನೆಯಲ್ಲೇ ಇದ್ದು ಕಲಿಯುತ್ತಿದ್ದ ಭೀಮಸೇನರು ಸಂಜೆ ಅವರನ್ನು ಸ್ಟೇಷನ್ನಿನವರೆಗೆ ಕಳಿಸಲು ಬರುತ್ತಿದ್ದರು. ಬೆಂಗಳೂರಿನ ಯಶವಂತಪುರದಲ್ಲಿ ಹುಬ್ಬಳ್ಳಿ ಗಾಡಿ ಹತ್ತಿದವರು ತುಮಕೂರು, ಅರಸೀಕೆರೆ, ದಾವಣಗೆರೆ, ಹಾವೇರಿ ದಾಟಿ ಆ ಕುಂದಗೋಳದ ಮೇಲೆಯೇ ಹಾಯ್ದುಹೋಗುತ್ತಾರೆ. ಖಾನ್‌ಸಾಹೇಬರ ಕಿರಾಣಾ ಘರಾಣೆ ಕನ್ನಡ ನಾಡಿನಲ್ಲಿ ಬೇರು ಬಿಟ್ಟದ್ದು ಈ ಹಳಿಯ ಗುಂಟ.

ಖಾನ್‌ಸಾಹೇಬರ ಕೊನೆಯ ಹಾಡೂ ರೈಲು ನಿಲ್ದಾಣದ್ದೇ. 1937ರ ಅಕ್ಟೋಬರ್ 27ರಂದು ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದರು. ದಾರಿಯಲ್ಲಿ ಎದೆ ಹಿಡಿದುಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆಯೇ ತಂಬೂರಿ ಶ್ರುತಿ ಮಾಡಿಸಿಕೊಂಡು, ದರಬಾರಿಯಲ್ಲಿ ಪ್ರಾರ್ಥನೆ ಹಾಡುತ್ತ ಪ್ರಾಣ ಬಿಟ್ಟರು. ತ್ಯಾಗರಾಜರ ಖರಹರಪ್ರಿಯದ ಕೃತಿಯನ್ನೂ ಹಾಡಿ ತಟ್ಟೆಯಲ್ಲಿ ಉಳಿಸಿಹೋದ ಉತ್ತರದ ಗಾಯಕ, ದಕ್ಷಿಣದ ಒಂದು ನಿಲ್ದಾಣದಲ್ಲಿ ಹೀಗೆ ಹಾಡು ಮುಗಿಸಿದರು.

ಇಂಥ ಸಂಗೀತವನ್ನು ನಿಲ್ದಾಣದಲ್ಲಿ ಹಾಕುವುದಾದರೆ ಜನ ನಿಲ್ಲಲಿ ಎಂದೇ ಹಾಕಬೇಕು. ಕಿರಾಣಾದ ವಿಲಂಬಿತ ಆಲಾಪಕ್ಕೆ ಅವಸರವೆಂಬುದೇ ಇಲ್ಲ. ಒಂದು ಸ್ವರವನ್ನು ಪೂರ್ತಿ ನೋಡಿದ ಮೇಲೆಯೇ ಮುಂದಿನದಕ್ಕೆ ಕಾಲಿಡುವ ರೀತಿ ಅದರದು. ಷಡ್ಜ ನೆಲೆಗೊಳ್ಳಲು ಹೊತ್ತು ಬೇಕು, ಗಾಂಧಾರ ಕಣ್ಣು ಬಿಡಲು ಇನ್ನಷ್ಟು ಹೊತ್ತು. ಕೇಳುವವರಿಗೂ ಅಷ್ಟು ಪುರುಸೊತ್ತು ಇರಬೇಕು. ನಮ್ಮ ಬೆಂಗಳೂರಿನಲ್ಲಿ ಪುರುಸೊತ್ತು ಉಳಿದಿರುವುದು ಕಾಯುವ ಜಾಗಗಳಲ್ಲಿ. ಗಂಟುಮೂಟೆಯ ಮೇಲೆ ತಲೆಯಿಟ್ಟು ಯಶವಂತಪುರದಲ್ಲಿ ರಾತ್ರಿ ಕಳೆಯುವ ಕೂಲಿಯವರಿಗೆ, ಯಲಹಂಕದಲ್ಲಿ ತಡವಾದ ಗಾಡಿಗೆ ಕಾಯುವ ಮುದುಕರಿಗೆ, ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಬಸ್ಸಿನ ದಾರಿ ನೋಡುವ ಹೆಣ್ಣುಮಕ್ಕಳಿಗೆ ಸಭಾಂಗಣದ ಕೇಳುಗರಿಗಿಂತ ಹೆಚ್ಚು ಹೊತ್ತಿದೆ.

ಹೊತ್ತಿಗೊಂದು ರಾಗ ಎಂಬ ಹಿಂದೂಸ್ತಾನಿ ಪದ್ಧತಿ ನಿಲ್ದಾಣದ ದಿನಚರಿಗೆ ಎಷ್ಟು ಚೆನ್ನಾಗಿ ಒದಗಿಬರುತ್ತದೆ ನೋಡಿ. ರಾತ್ರಿಗಾಡಿಗಳು ಬಂದು ಸೇರುವ ನಸುಕಿಗೆ ಲಲಿತ್. ಎರಡೂ ಮಧ್ಯಮಗಳು ಒಂದರ ಪಕ್ಕ ಒಂದು ಬಂದು, ಪಂಚಮವಿಲ್ಲದೆ, ಇನ್ನೂ ಪೂರ್ತಿ ಎಚ್ಚರವಾಗದ ಮನಸ್ಸಿಗೆ ತಕ್ಕುದಾದ ರಾಗ. ಬಿಸಿಲೇರಿದಾಗ ಶುದ್ಧ ಸಾರಂಗ. ಆಫೀಸು, ಕಾರ್ಖಾನೆ ಬಿಟ್ಟವರು ಮೆಟ್ರೊ ಕಡೆಗೆ ನುಗ್ಗುವ ಸಂಜೆಗೆ ಪೂರಿಯಾ, ದೀಪ ಹತ್ತಿದ ಮೇಲೆ ಯಮನ್. ಕೊನೆಯ ಗಾಡಿಗಳ ಹೊತ್ತಿಗೆ ಗಂಗೂಬಾಯಿಯವರ ಆ ಘನವಾದ ದನಿಯಲ್ಲಿ ಒಂದು ತಡರಾತ್ರಿಯ ರಾಗ. ಗಾಡಿಗಳ ಪ್ರಕಟಣೆ ಮುಳುಗದಷ್ಟು, ಪಕ್ಕದವರ ಮಾತು ಕೇಳುವಷ್ಟು ಸಣ್ಣ ದನಿಯಲ್ಲಿ ಹಾಕಿದರೆ ಸಾಕು. ಬೇಡವೆನ್ನುವವರು ತಮ್ಮ ಪಾಡಿಗೆ ಮಾತಾಡಿಕೊಂಡಿರಬಹುದು. ಕೋಲ್ಕತ್ತದಲ್ಲಿ 2011ರ ಸುಮಾರಿಗೆ ಟ್ರಾಫಿಕ್ ಸಿಗ್ನಲ್‌ಗಳಲ್ಲೇ ರವೀಂದ್ರ ಸಂಗೀತ ಹಾಕತೊಡಗಿದರು. ಆ ರವೀಂದ್ರನಾಥರ ಹೆಸರನ್ನೇ ಹೊತ್ತ ಆರ್.ಟಿ. ನಗರ ಇರುವ ನಮ್ಮ ಸೀಮೆಗೆ ಇದೇನೂ ದೂರದ ಆಸೆಯಲ್ಲ.

ಸಂಗೀತವನ್ನು ಬೆತ್ತದಂತೆ ಬೀಸುವವರಿಗೆ ನಿಲ್ದಾಣ ಖಾಲಿಯಾದೀತು. ಆದರೆ ಇದು ನಿಮಗಲ್ಲ, ಹೋಗಿ ಎಂದು ಆ ಹುಡುಗರಿಗೆ ಹೇಳಿದಂತೆಯೂ ಆಯಿತು. ನಮ್ಮ ನಾಡಿನ ಸಂಗೀತ ಆ ಮಾತು ಆಡಲಾರದು. ಬೀದಿಗೆ ಓಡಿಬಂದು ಕೇಳಿದವರು, ಟಿಕೆಟ್ಟಿಲ್ಲದೆ ಗಾಡಿ ಹತ್ತಿದವರು ಅದನ್ನು ಎತ್ತಿಕೊಂಡು ಬೆಳೆಸಿದ್ದಾರೆ. ಯಶವಂತಪುರದಲ್ಲಿ, ಯಲಹಂಕದಲ್ಲಿ ರಾಗಗಳು ಕೇಳಿಬರಲಿ. ಜೊತೆಗೆ ನಾಲ್ಕು ಬೆಂಚು ಹೆಚ್ಚು ಹಾಕಲಿ, ಟಿಕೆಟ್ ಇದ್ದವರೂ ಇಲ್ಲದವರೂ ಕೂತು ಕೇಳಲಿ.