ಆಗದೆ ಹೋದುದರ ವ್ಯಾಕರಣ

'ಮ್ಯಾಕ್‌ಬೆತ್' ನಾಟಕದ ಎರಡನೆಯ ಅಂಕ, ಮೂರನೆಯ ದೃಶ್ಯ. ಡಂಕನ್ ದೊರೆಯ ಕೊಲೆ ಬಯಲಾದ ಮೇಲೆ ಕೊಲೆಗಾರನೇ ಎಲ್ಲರೆದುರು ಶೋಕಿಸುತ್ತಾನೆ: ಒಂದು ತಾಸು ಮೊದಲು ಸತ್ತಿದ್ದರೆ ತನ್ನ ಬಾಳು ಧನ್ಯವಾಗುತ್ತಿತ್ತು ಎಂಬುದು ಮಾತಿನ ತಾತ್ಪರ್ಯ. ಆಡುವವನಿಗೆ ಅದು ನಟನೆ. ಕೇಳುವ ಪ್ರೇಕ್ಷಕನಿಗೆ ನಿಜ. ಮೂಲದಲ್ಲಿ ಈ ಮಾತಿಗೆ 'ಇಫ್' ಇಲ್ಲ. 'ಹ್ಯಾಡ್' ಎಂಬ ಸಹಾಯಕ ಕ್ರಿಯಾಪದ ಕರ್ತೃವನ್ನು ದಾಟಿ ಮುಂದೆ ಬಂದಿದೆ. ಹಳೆಯ ವ್ಯಾಕರಣಗಳು ಸಬ್ಜಂಕ್ಟಿವ್ ಎಂದು ಗುರುತಿಸಿದ ಈ ರೂಪದಲ್ಲಿ ವಾಕ್ಯದ ಬಾಗಿಲಲ್ಲೇ ತಿಳಿದುಬಿಡುತ್ತದೆ, ಇದು ನಡೆಯದೆ ಹೋದ ಸಂಗತಿಯೆಂದು.

ಕನ್ನಡ ಅನುವಾದಗಳಲ್ಲಿ ಇದಕ್ಕೆ ಸುಲಭವಾಗಿ ಒದಗುವ ಊರುಗೋಲು 'ಒಂದು ವೇಳೆ'. ಅದು ದುರ್ಬಲವಾದ ಆಯ್ಕೆ. ನಾಳೆ ಬರಬಹುದಾದ ಮಳೆಗೂ ಸಲ್ಲುವ ಆ ಪದದಲ್ಲಿ ಸಾಧ್ಯತೆಯ ಲೆಕ್ಕಾಚಾರವಿದೆಯೇ ಹೊರತು ಹಳಹಳಿಯಿಲ್ಲ. (ಕರಾರುಪತ್ರಗಳಲ್ಲಿ 'ಶುಡ್' ಮುಂದಿಟ್ಟು ಬರುವ ವಾಕ್ಯಗಳಿಗೆ ಅದು ಹೊಂದೀತು.) ವಿಪರ್ಯಯಗೊಂಡ 'ಹ್ಯಾಡ್' ಅರ್ಧ ಷರತ್ತು, ಅರ್ಧ ಹಂಬಲ. ಆ ಹಂಬಲಕ್ಕೆ ಕನ್ನಡದಲ್ಲಿ ಬೇರೆಯೇ ದಾರಿಯಿದೆ: 'ಒಂದು ಗಳಿಗೆ ಮೊದಲೇ ಸಾಯಬಾರದಿತ್ತೇ!' ನಿಷೇಧವೂ ಪ್ರಶ್ನೆಯೂ ಕೂಡಿದ ಈ ರೂಪ ಮ್ಯಾಕ್‌ಬೆತ್‌ನ ಬಾಯಲ್ಲಿ ನಟನೆ ಮತ್ತು ನಿಜ ಎರಡನ್ನೂ ಒಟ್ಟಿಗೆ ಹೊರಬಲ್ಲದು.

ತಿರುಗಿ ಇಂಗ್ಲಿಷಿಗೆ ಹೋಗುವಾಗ ತೊಡಕು ಇನ್ನೂ ಹೆಚ್ಚು. ಅಕ್ಕಲಕೋಟೆ ತಾಲೂಕಿನ ಹನ್ನೂರ ಸೀಮೆಯ ಮಾತನ್ನು ಗಮನಿಸಬೇಕು. 'ನೀ ಹೇಳಿದ್ರ ಬರ್ತೀನಿ', 'ನೀ ಹೇಳಿದ್ರ ಬರ್ತಿದ್ದೆ': ಷರತ್ತಿನ ಭಾಗ ಎರಡರಲ್ಲೂ ಒಂದೇ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದು ಕೊನೆಯ ಕ್ರಿಯಾಪದದಲ್ಲಿ ತೀರ್ಮಾನವಾಗುತ್ತದೆ. ನೆರೆಯ ಮರಾಠಿ 'ಸಾಂಗಿತ್ಲಂ ಅಸ್ತಂ ತರ್ ಆಲೋ ಅಸ್ತೋ' ಎಂದು ಎರಡೂ ಕಡೆ ಗುರುತು ಹಾಕುತ್ತದೆ. ಎರಡೂ ಭಾಷೆಯಾಡುವ ಈ ಭಾಗದ ವಿದ್ಯಾರ್ಥಿಗೆ 'ಹ್ಯಾಡ್' ವಾಕ್ಯವನ್ನು ವಿವರಿಸಲು ಮರಾಠಿಯ ಆಸರೆ ಹೆಚ್ಚು ಉಪಯುಕ್ತ. ಕನ್ನಡಾಭಿಮಾನಕ್ಕೆ ಇದು ಹಿಡಿಸದಿದ್ದರೂ ಸರಿ.

ಅಕ್ಕಲಕೋಟೆ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರ ಮಹಾಜನ ವರದಿ ಶಿಫಾರಸು ಮಾಡಿತ್ತು. ಅದು ಜಾರಿಯಾಗಲಿಲ್ಲ, ಗಡಿಯ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಈ ಸೀಮೆಯ ಹಿರಿಯರೊಬ್ಬರು 'ಮಹಾಜನ ವರದಿ ಜಾರಿ ಆದ್ರ...' ಎಂದು ಮಾತನ್ನು ಅರ್ಧಕ್ಕೇ ನಿಲ್ಲಿಸಿದರೆ, ಅದು ಕೊರಗೂ ಆಗಬಹುದು, ಬೇಡಿಕೆಯೂ ಆಗಬಹುದು. ಅದನ್ನು ಇಂಗ್ಲಿಷಿಗೆ ತರುವ ಸಂಶೋಧಕ 'ಹ್ಯಾಡ್' ಎಂದು ಆರಂಭಿಸಿದರೆ ಪ್ರಕರಣ ಮುಗಿದಂತೆ. 'ಶುಡ್' ಎಂದರೆ ಇನ್ನೂ ಬಾಕಿ ಇದ್ದಂತೆ. ಹೇಳಿದವರು ಆರಿಸದೆ ಬಿಟ್ಟುದನ್ನು ಅನುವಾದಕ ಮೊದಲ ಪದದಲ್ಲೇ ಆರಿಸಬೇಕಾಗುತ್ತದೆ.