ಗೆರೆಯ ಎರಡು ಬದಿ

ಕಲ್ಪಿತ ಸಮಾಜಗಳನ್ನು ಬಣ್ಣಿಸತಕ್ಕ ಇಂಗ್ಲಿಷಿನ ಪ್ರೌಢಶಬ್ದಗಳನ್ನು ಕುರಿತು ಈ ವಾರ ಬರೆಯುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆನು. ಪರೀಕ್ಷಾರ್ಥಿಗಳಿಗಾಗಿ ಶಬ್ದಸಂಗ್ರಹಗಳನ್ನು ಸಿದ್ಧಪಡಿಸುವ ಪಂಡಿತರು ಹಾಳೆಯ ಒಂದು ಬದಿಗೆ ಆದರ್ಶಸಮಾಜವನ್ನು ಸೂಚಿಸುವ ಯುಟೋಪಿಯ, ಆರ್ಕೇಡಿಯ, ಎಗ್ಯಾಲಿಟೇರಿಯನ್ ಎಂಬಂಥವನ್ನೂ, ಇನ್ನೊಂದು ಬದಿಗೆ ದಬ್ಬಾಳಿಕೆಯ ಸಮಾಜವನ್ನು ಸೂಚಿಸುವ ಡಿಸ್ಟೋಪಿಯ, ಟೊಟ್ಯಾಲಿಟೇರಿಯನ್, ಡ್ರೇಕೋನಿಯನ್ ಎಂಬಂಥವನ್ನೂ ಪೇರಿಸಿ, ನಡುವೆ ಗೆರೆಯೆಳೆದು ಕಂಠಪಾಠ ಮಾಡಿಸುತ್ತಾರೆ. ಆ ಗೆರೆಯ ಮೇಲೆಯೇ ನನ್ನ ಬಹುಕಾಲದ ಆಕ್ಷೇಪ.

1516ರಲ್ಲಿ ಲೂವೆನ್ ನಗರದಲ್ಲಿ ಅಚ್ಚಾದ ಥಾಮಸ್ ಮೋರನ 'ಯುಟೋಪಿಯ' ಎಂಬ ಲ್ಯಾಟಿನ್ ಗ್ರಂಥವನ್ನು ತೆರೆದು ನೋಡಬೇಕು. ಅಲ್ಲಿ ದಿನಕ್ಕೆ ಆರೇ ಗಂಟೆಯ ದುಡಿಮೆ. ಚಿನ್ನವು ಅಲ್ಲಿ ಮೂತ್ರಪಾತ್ರೆಗೂ ಗುಲಾಮರ ಸಂಕೋಲೆಗೂ ಸಲ್ಲುವ ಹೀನಲೋಹ. ಮನೆಯ ಬಾಗಿಲುಗಳಿಗೆ ಅಗುಳಿಯಿಲ್ಲ, ಬೇಕಾದವರು ತಳ್ಳಿಕೊಂಡು ಒಳಬರಬಹುದು. ಹತ್ತು ವರ್ಷಕ್ಕೊಮ್ಮೆ ಚೀಟಿಯೆತ್ತಿ ಮನೆಗಳನ್ನೇ ಅದಲುಬದಲು ಮಾಡಿಕೊಳ್ಳುತ್ತಾರೆ. ಇಷ್ಟನ್ನೋದಿ ಹಿಗ್ಗಿದವರು, ಅಪ್ಪಣೆಪತ್ರವಿಲ್ಲದೆ ತನ್ನ ಸೀಮೆಯನ್ನು ದಾಟಿದವನನ್ನು ಹಿಡಿದು ತಂದು ದಂಡಿಸುವರೆಂಬುದನ್ನೂ, ಎರಡನೆಯ ಬಾರಿ ಅದೇ ತಪ್ಪಿಗೆ ದಾಸ್ಯವೇ ಶಿಕ್ಷೆಯೆಂಬುದನ್ನೂ ತಡೆದು ನಿಂತು ಓದಬೇಕು. ಅಗುಳಿಯಿಲ್ಲದ ಆ ಬಾಗಿಲಿಗೂ, ರಷ್ಯದ ಜಮ್ಯಾಟಿನ್ 1920ರ ಸುಮಾರಿಗೆ ಬರೆದು, ಸ್ವದೇಶದಲ್ಲಿ ಅಚ್ಚುಹಾಕಿಸಲಾರದೆ, 1924ರಲ್ಲಿ ಇಂಗ್ಲಿಷ್ ಅನುವಾದವಾಗಿ ಹೊರಬಂದುದನ್ನು ಕಂಡ ಕಾದಂಬರಿಯ ಗಾಜಿನ ಗೋಡೆಗಳಿಗೂ ನಡುವಣ ದೂರವೆಷ್ಟು? ಆ ಕಾದಂಬರಿಯಲ್ಲಿ ಮನುಷ್ಯರಿಗೆ ಹೆಸರಿಲ್ಲ, ಸಂಖ್ಯೆಗಳುಂಟು. ಗೊತ್ತಾದ ಗಳಿಗೆಯಲ್ಲಿ ಮಾತ್ರ ಪರದೆ ಇಳಿಸಲು ಅನುಮತಿಯುಂಟು. ಆಳುವವನ ಬಿರುದು ಮಾತ್ರ 'ಉಪಕಾರಿ'! ಇಂಗ್ಲಿಷ್ ಲೇಖಕ ಆರ್ವೆಲ್ಲನ 1949ರ ಕಾದಂಬರಿಯಲ್ಲಿ ಸೆರೆಯವರನ್ನು ಹಿಂಸಿಸುವ ಕಟ್ಟಡದ ಹೆಸರು 'ಪ್ರೇಮದ ಸಚಿವಾಲಯ'. ದಬ್ಬಾಳಿಕೆಯು ತನ್ನನ್ನು ತಾನು ಬಣ್ಣಿಸಿಕೊಳ್ಳುವುದು ಗೆರೆಯ ಆಚೆಬದಿಯ ಮಂಗಳಶಬ್ದಗಳಿಂದಲೇ.

ಆರ್ವೆಲ್ಲನ ಪ್ರಸ್ತಾಪ ಬಂದ ಮೇಲೆ ಶಬ್ದಪಟ್ಟಿಯ ಮಾತು ಅತ್ತ ಇರಲಿ. ಆ ಕಾದಂಬರಿಯ ಬೆನ್ನಿಗೆ, ನ್ಯೂಸ್ಪೀಕ್ ಎಂಬ ಸರ್ಕಾರೀ ಭಾಷೆಯ ತತ್ತ್ವಗಳನ್ನು ವಿವರಿಸುವ ಅನುಬಂಧವೊಂದಿದೆ; ನನ್ನ ಮಟ್ಟಿಗೆ ಇಡೀ ಗ್ರಂಥದ ಶಿಖರ ಅದೇ. ಇತರ ಭಾಷೆಗಳು ವರ್ಷವರ್ಷಕ್ಕೆ ಬೆಳೆದರೆ ಇದು ವರ್ಷವರ್ಷಕ್ಕೆ ಕುಗ್ಗುತ್ತದೆ. 'ಫ್ರೀ' ಎಂಬ ಪದ ಅಲ್ಲಿ ಉಳಿದಿದೆ, ಆದರೆ ನಾಯಿಗೆ ಹೇನಿನ ಕಾಟವಿಲ್ಲ, ಹೊಲದಲ್ಲಿ ಕಳೆಯಿಲ್ಲ ಎನ್ನುವುದಕ್ಕೆ ಮಾತ್ರ. ವಿಚಾರಸ್ವಾತಂತ್ರ್ಯವನ್ನು ಬೇಡಬೇಕೆಂದವನ ನಾಲಗೆಗೆ ಆ ಪದ ಒದಗದು. ಈ ಅನುಬಂಧವೆಲ್ಲ ಸಾಮಾನ್ಯ ಇಂಗ್ಲಿಷಿನಲ್ಲಿ, ಭೂತಕಾಲದಲ್ಲಿ, ವಿದ್ವಾಂಸನೊಬ್ಬನ ಸಮಚಿತ್ತದ ಧಾಟಿಯಲ್ಲಿ ಬರೆಯಲ್ಪಟ್ಟಿದೆ. ಎಂದರೆ ಆ ಪ್ರಭುತ್ವವು ಎಂದೋ ಅಳಿದಿದೆ, ಅದರ ಭಾಷೆಯನ್ನು ಕುತೂಹಲದಿಂದ ಪರಿಶೀಲಿಸುವ ಸ್ವತಂತ್ರರು ಮತ್ತೆ ಹುಟ್ಟಿದ್ದಾರೆ ಎಂದೇ ನಾನು ಅದನ್ನು ಓದುತ್ತ ಬಂದಿದ್ದೇನೆ. ಅಮೆರಿಕದ ಬುಕ್ ಆಫ್ ದಿ ಮಂತ್ ಕ್ಲಬ್ಬಿನವರು ಈ ಅನುಬಂಧವನ್ನೂ, ಕಥೆಯ ನಡುವೆ ಬರುವ, ಪ್ರಭುತ್ವದ ವೈರಿಯೆನಿಸಿದ ಗೋಲ್ಡ್‌ಸ್ಟೀನನ ಗ್ರಂಥಭಾಗವನ್ನೂ ಕತ್ತರಿಸಬೇಕೆಂದಾಗ, ಕ್ಷಯದಿಂದ ನರಳುತ್ತಿದ್ದ ಆರ್ವೆಲ್ಲನು ದೊಡ್ಡ ಗಳಿಕೆಯೊಂದು ಕೈತಪ್ಪುವುದೆಂದು ಬಲ್ಲವನಾಗಿಯೂ ಒಪ್ಪಲಿಲ್ಲ. ಕಡೆಗೆ ಮಣಿದವರು ಕ್ಲಬ್ಬಿನವರೇ. ಅಷ್ಟು ಹಟದಿಂದ ಉಳಿಸಿದ ಪುಟಗಳನ್ನು ಓದದೆ, ಕಥೆ ಮುಗಿಯಿತೆಂದು ಪುಸ್ತಕವನ್ನು ಮಡಿಸಿಡುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ.