ಹೂವಿನ ಬುಟ್ಟಿ, ನಾಲಗೆಯ ಬೆಲೆ

ಬರ್ನಾರ್ಡ್ ಷಾನ 'ಪಿಗ್ಮೇಲಿಯನ್' ನಾಟಕ 1913ರಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ಬಂತು, 1914ರಲ್ಲಿ ಲಂಡನ್ನಿನಲ್ಲಿ. ಪಂಡಿತರು ಇದನ್ನು ಉಚ್ಚಾರಣೆಯ ತಮಾಷೆ ಅಂತ ಓದಿ ನಗ್ತಾರೆ. ನಾವೂ ನಗೋಣ. ಆದರೆ ನಗು ಮುಗಿದ ಮೇಲೆ ಆ ಹೂವಿನ ಬುಟ್ಟಿ ಏನಾಯಿತು ಅಂತ ಕೇಳೋಣ.

ಅಂದಿನ ಲಂಡನ್ ಕಲ್ಲಿದ್ದಲ ಹೊಗೆಯ ಊರು. ಆ ಹೊಗೆಯಲ್ಲೂ ದೊಡ್ಡವರ ಕೋಟಿಗೆ ಹೂ ಬೇಕು, ಊಟದ ಮೇಜಿಗೆ ಹೂ ಬೇಕು. ಸಿಲಿ ದ್ವೀಪಗಳಿಂದ ಹಡಗು, ರೈಲು ಹತ್ತಿ ಬಂದ ಹೂಗಳು ಕಾವೆಂಟ್ ಗಾರ್ಡನ್ ಮಾರುಕಟ್ಟೆಯಲ್ಲಿ ಸಗಟು ಬಿಕರಿಯಾಗುತ್ತಿದ್ದವು. ಅಲ್ಲಿಂದ ಬುಟ್ಟಿ ತುಂಬಿ ಬೀದಿ ಮೂಲೆಗೆ ಹೊತ್ತವರು ಬಡ ಹೆಂಗಸರು. ಅವರಲ್ಲಿ ಮುದುಕಿಯರೂ ಇದ್ದರು. ಊರು ಮಾತ್ರ ಎಲ್ಲರನ್ನೂ 'ಹೂವಿನ ಹುಡುಗಿ' ಅಂತಲೇ ಕರೆಯಿತು.

ಷಾನ ಎಲೈಜಾ ಅಂಥವಳು. ಮಳೆಯ ರಾತ್ರಿ ಬಾಡಿಗೆ ಗಾಡಿ ಹುಡುಕಿ ಓಡುವ ಯುವಕ ಡಿಕ್ಕಿ ಹೊಡೆದು ಅವಳ ಎರಡು ಕಟ್ಟು ವಯಲೆಟ್ ಹೂ ಕೆಸರುಪಾಲಾಗುತ್ತವೆ. ಕಟ್ಟಿಗೆ ಒಂದು ಪೆನ್ನಿ. ಅದೇ ಅವಳ ಅನ್ನ. ಅಲ್ಲೇ ನಿಂತ ಪ್ರೊಫೆಸರ್ ಹಿಗಿನ್ಸ್‌ಗೆ ಆ ನಷ್ಟ ಕಾಣಲ್ಲ. ಅವಳ ಮಾತನ್ನು ಬರೆದುಕೊಳ್ತಾನೆ, ಹೀಯಾಳಿಸ್ತಾನೆ.

ಎಲೈಜಾಗೆ ರಾಣಿಯಾಗುವ ಆಸೆಯಿಲ್ಲ. ಬೀದಿ ಬಿಟ್ಟು ಹೂವಿನಂಗಡಿಯಲ್ಲಿ ನಿಂತು ಮಾರಬೇಕು, ಅಷ್ಟೆ. ಆದರೆ ಆ ಮಾತಿಗೆ ಅಂಗಡಿ ಕೆಲಸ ಕೊಡಲ್ಲ. ಹೂ ಅದೇ, ಪರಿಮಳ ಅದೇ. ಬೇರೆಯಾಗಿದ್ದು ಮಾರುವವಳ ನಾಲಗೆ. ಹೂವಿಗೆ ತೆರೆದ ಬಾಗಿಲು ಹೂ ಹೊತ್ತವಳಿಗೆ ಮುಚ್ಚಿತು.

ಇದು ನಮಗೆ ದೂರದ ಕತೆಯಲ್ಲ. ಲಂಡನ್ನಿನ ಬಡವರ ಮಾತಿನಲ್ಲಿ ಹಕಾರ ಬಿದ್ದುಹೋಗುತ್ತೆ. ಹಳೇ ಮೈಸೂರು ಕಡೆಯ ನಮ್ಮ ಹಳ್ಳಿಗಳಲ್ಲೂ ಹೂವು 'ಊವು' ಆಗುತ್ತೆ. 'ಊವು' ಅಂದ ಮಗುವನ್ನು ನಿಲ್ಲಿಸಿ ತರಗತಿಯೆಲ್ಲ ನಗುವುದನ್ನು ನಾವು ಕಂಡಿದ್ದೇವೆ, ಉಂಡಿದ್ದೇವೆ. ಹೂ ಬಿಡಿಸಿದ ಅವ್ವನ ಮಾತು ತಪ್ಪು, ಮುಡಿದವರ ಮಾತು ಶುದ್ಧ ಅನ್ನೋದು ಯಾವ ನ್ಯಾಯ?

ಷಾಗೆ ಈ ಕ್ರೌರ್ಯ ಗೊತ್ತಿತ್ತು. ತಿದ್ದಿದ ಮಾತು ಬಂದ ಮೇಲೆ ಎಲೈಜಾ ಸಿಡಿದೇಳುತ್ತಾಳೆ: ಬೀದಿಯಲ್ಲಿ ಹೂ ಮಾರಿ ಬದುಕುವ ಸ್ವಾತಂತ್ರ್ಯವಾದರೂ ಇತ್ತು, ಈಗ ಅದೂ ಇಲ್ಲವೆಂಬುದು ಅವಳ ಸಂಕಟ. 1916ರಲ್ಲಿ ನಾಟಕ ಪುಸ್ತಕವಾದಾಗ ಸೇರಿಸಿದ ಹಿನ್ನುಡಿ ಇನ್ನೂ ಖಡಕ್ಕು. ಅಲ್ಲಿ ಅವಳು ಹೂವಿನಂಗಡಿ ಇಡ್ತಾಳೆ. ಶುದ್ಧ ಉಚ್ಚಾರಣೆ ಸಾಲಲ್ಲ. ಕರ್ನಲ್ ಪಿಕರಿಂಗನ ಹಣದ ಆಸರೆ ಬೇಕಾಗುತ್ತೆ. ಭಾಷೆ ತಿದ್ದಿಕೊಂಡರೆ ಉದ್ಧಾರವಾಗ್ತೀರಿ ಎನ್ನುವವರು ಈ ಹಿನ್ನುಡಿ ಓದಬೇಕು.

ಆದರೂ ನಮ್ಮದೊಂದು ತಕರಾರಿದೆ. ಒಬ್ಬಳು ಅಂಗಡಿಯೊಳಗೆ ಹೋದಳು. ಬೀದಿ ಮೂಲೆಯಲ್ಲಿ ಉಳಿದವರ ಕಡೆ ನಾಟಕ ತಿರುಗಿ ನೋಡಲಿಲ್ಲ.

ಮೇಷ್ಟ್ರುಗಳೇ, 'ಊವು' ಅಂದ ಮಗುವಿಗೆ 'ಹೂವು' ಬರೆಯೋದು ಖಂಡಿತ ಕಲಿಸಿ, ಅದು ಮಗುವಿನ ಹಕ್ಕು. ಆದರೆ ಊವನ್ನು ನೋಡಿ ನಗಬೇಡಿ. ಬೆಳೆದವರು ಕರೆಯುವ ಹೆಸರು ಅದು.